ಮುದುಕಿಯ ಎಡರೆಕ್ಕೆ

ವಿಮಾನಕ್ಕೆ ಬಟ್ಟೆ ಹೊಲಿಯುತ್ತಿದ್ದೆ ಎಂದು ಹೇಳಿದರೆ ಈಗ ಜನ ನಗುತ್ತಾರೆ. ನಗಲಿ. ಅಂಗಿ, ಕೋಟು, ಡೇರೆ, ಗಾದಿಯ ಗಲೀಫು ಎಲ್ಲವನ್ನೂ ಹೊಲಿದ ಕೈ ಇದು. ಆದರೆ ಜೀವನದಲ್ಲಿ ಏನು ಕೆಲಸ ಮಾಡಿದಿರಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ರೆಕ್ಕೆ ಹೊಲಿದೆ.

ಕನ್ನಡ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಬೆಳಗಾವಿಯಿಂದ ಪುಣೆಗೆ ಕಾಕಾನ ಹಿಂದೆ ಬಂದವನು ನಾನು. ಸಿಂಪಿಗರ ಮನೆತನ ನಮ್ಮದು. ಕಾಕಾ ಲಷ್ಕರಿನಲ್ಲಿ ಡೇರೆ ಹೊಲಿಯುತ್ತಿದ್ದ. ಯುದ್ಧ ಶುರುವಾಗುವ ಹೊತ್ತಿಗೆ ಲೋಹಗಾಂವದ ಬಯಲಿನಲ್ಲಿ ವಿಮಾನದ ಅಡ್ಡೆ ಎದ್ದಿತು. ಮೇಣ ಸವರಿದ ನೂಲಿನಿಂದ ಗಟ್ಟಿ ಹೊಲಿಗೆ ಹಾಕಬಲ್ಲವರು ಬೇಕೆಂದು ಕಾಕಾನನ್ನು ಕರೆದರು. ಕಾಕಾ ನನ್ನನ್ನೂ ಕರೆದುಕೊಂಡು ಹೋದ. ನಾನಾ ಪೇಠೆಯ ನಮ್ಮ ಖೋಲಿಯಿಂದ ಸೈಕಲ್ಲು ಹತ್ತಿದರೆ ಬಂಡಿನ ಸೇತುವೆ, ಯರವಡಾ, ಆಮೇಲೆ ಬರೀ ಜೋಳದ ಹೊಲ. ಚಳಿಗಾಲದ ಬೆಳಗಿನ ಮಂಜಿನಲ್ಲಿ ವಿಮಾನಗಳ ಮೈ ಕಾಣುತ್ತಿರಲಿಲ್ಲ, ಬಾಲ ಮಾತ್ರ ಕಾಣುತ್ತಿತ್ತು. ಜೋಳದ ತೆನೆಗಳ ಮೇಲೆ ದೋಣಿಯ ಹಾಯಿಗಳು ತೇಲುತ್ತಿರುವ ಹಾಗೆ. ನಿದ್ದೆಗೂ ಎಚ್ಚರಕ್ಕೂ ನಡುವೆ ಈಗಲೂ ಒಮ್ಮೊಮ್ಮೆ ಆ ದಾರಿಯಲ್ಲಿ ಸೈಕಲ್ಲು ತುಳಿಯುತ್ತಿರುತ್ತೇನೆ. ತಲುಪುವುದಿಲ್ಲ. ಹೊಲ ಮುಗಿಯುವುದಿಲ್ಲ.

ಅಲ್ಲಿದ್ದ ವಿಮಾನಗಳಲ್ಲಿ ಒಂದನ್ನು ನಾವೆಲ್ಲ ಮುದುಕಿ ಎನ್ನುತ್ತಿದ್ದೆವು. ಒಂದರ ಮೇಲೊಂದು ಎರಡು ಜೋಡಿ ರೆಕ್ಕೆ, ಒಂದರ ಹಿಂದೊಂದು ಎರಡು ತೆರೆದ ಕುರ್ಚಿ, ರೆಕ್ಕೆಯೊಳಗೆ ಕಟ್ಟಿಗೆಯ ಪಕ್ಕೆಲುಬು, ಮೇಲೆ ಬಟ್ಟೆ. ಅವಳನ್ನು ಮಾಡಿದ್ದು ವಾಯವ್ಯ ಗಡಿಯ ಗುಡ್ಡಗಳ ಮೇಲೆ ಹಾರಿ, ಕೆಳಗೆ ಯಾರು ಬಂದೂಕು ಹಿಡಿದು ಓಡಾಡುತ್ತಾರೆ ಎಂದು ನೋಡಲಿಕ್ಕೆ. ಯುದ್ಧ ಬಂದಾಗ ಗಡಿಯಿಂದ ತಂದು ಮುಂಬಯಿಯ ಸಮುದ್ರದ ಮೇಲೆ ಹಾರಿಸಿದರು, ನೀರಿನ ಕೆಳಗಿನ ಹಡಗುಗಳನ್ನು ಹುಡುಕಲು. ಅವಳಿಗಿಂತ ಚುರುಕಾದವು ಬಂದ ಮೇಲೆ ಲೋಣಾವಳಾದ ಘಟ್ಟ ದಾಟಿಸಿ ನಮ್ಮಲ್ಲಿಗೆ ಕಳಿಸಿದರು. ಇಲ್ಲಿ ಅವಳ ಕೆಲಸ, ಬಾಲಕ್ಕೆ ಉದ್ದನೆಯ ಬಟ್ಟೆಯ ಚೀಲ ಕಟ್ಟಿಕೊಂಡು ಹಾರುವುದು. ಕೆಳಗಿನಿಂದ ತೋಪಿನವರು ಆ ಚೀಲಕ್ಕೆ ಗುಂಡು ಹೊಡೆದು ಗುರಿ ಕಲಿಯುತ್ತಿದ್ದರು. ಗುರಿ ಸರಿಯಾಗಿ ಬರದವರ ಗುಂಡು ಅವಳ ಮೈಗೇ ತಾಗುತ್ತಿತ್ತು. ಆ ತೂತುಗಳಿಗೆ ತೇಪೆ ಹಚ್ಚುವವರು ನಾವು.

ಅದು ಲಿನನ್ ಎಂಬ ಬಟ್ಟೆ. ಅಗಸೆಯ ನಾರಿನದು. ನಮ್ಮ ಕಡೆ ಅಗಸೆಯನ್ನು ಚಟ್ನಿಗೆ, ಎಣ್ಣೆಗೆ ಬೆಳೆಯುತ್ತಾರೆ. ಅದರಿಂದ ಹಾರುವ ಬಟ್ಟೆಯೂ ಆಗುತ್ತದೆಂದು ನನಗೆ ಗೊತ್ತಾದದ್ದು ಲೋಹಗಾಂವದಲ್ಲಿ. ಬಟ್ಟೆಯನ್ನು ರೆಕ್ಕೆಗೆ ಹಾಸಿ, ಉದ್ದನೆಯ ಸೂಜಿಯಿಂದ ಒಂದೊಂದು ಪಕ್ಕೆಲುಬಿಗೂ ಸುತ್ತಿ ಗಂಟು ಹಾಕಬೇಕು. ಆಮೇಲೆ ಡೋಪ್ ಎಂಬ ಬಣ್ಣ ಬಳಿಯಬೇಕು. ಕಳಿತ ಬಾಳೆಹಣ್ಣಿನ ವಾಸನೆ ಅದಕ್ಕೆ. ಬಳಿಯುತ್ತ ಬಳಿಯುತ್ತ ತಲೆ ಹಗುರಾಗಿ, ಕಾಲು ನೆಲದ ಮೇಲೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಡೋಪ್ ಬಟ್ಟೆಯ ಎಳೆಎಳೆಯೊಳಗೆ ಇಳಿದು, ಒಣಗುವಾಗ ಅದನ್ನು ಬಿಗಿಯುತ್ತದೆ. ಬೆಳಿಗ್ಗೆ ಜೋಲು ಬಿದ್ದಿದ್ದ ಬಟ್ಟೆ ಸಂಜೆಗೆ ತಬಲಾದ ಹಾಗೆ ನುಡಿಯುತ್ತಿತ್ತು. ಅದನ್ನು ಬೆರಳಿನಿಂದ ಬಡಿದು ಕೇಳುವುದೇ ಒಂದು ಸುಖ.

ರೆಕ್ಕೆಯ ಬಟ್ಟೆ ಮುಚ್ಚುವ ಮುಂಚೆ ಕಾಕಾ ಒಂದು ಕೆಲಸ ಮಾಡುತ್ತಿದ್ದ. ಖಂಡೇನವಮಿಗೆ ಹೊಲಿಗೆ ಯಂತ್ರಕ್ಕೆ ಕುಂಕುಮ ಹಚ್ಚುವ ಹಾಗೆ, ಬಟ್ಟೆಯ ಒಳಮೈಗೆ, ಯಾರಿಗೂ ಕಾಣದ ಕಡೆ, ಹೆಬ್ಬೆರಳಿನಿಂದ ಕುಂಕುಮದ ಒಂದು ಬೊಟ್ಟು ಇಡುತ್ತಿದ್ದ.

"ಒಳಗ ಇಟ್ರ ಯಾರಿಗ್ ಕಾಣ್ತದ ಕಾಕಾ?" ಎಂದು ಒಮ್ಮೆ ಕೇಳಿದ್ದೆ.

"ಹಾರಾವಗ ಕಾಣಬೇಕಂತ ಇಡೂದಲ್ಲಲೇ ತಮ್ಮಾ. ಹೊಲದಾವಗ ಗೊತ್ತಿದ್ರ ಸಾಕು."

ಕಾಕಾ ಕುಂಕುಮವನ್ನು ನೀರಿನಲ್ಲಿ ಕಲಸುತ್ತಿದ್ದ. ಒಣಗಿದ ಮೇಲೆ ಅರ್ಧ ಉದುರಿ ಹೋಗುತ್ತಿತ್ತು. ಯುದ್ಧದ ಮೂರನೆಯ ಮಳೆಗಾಲದಲ್ಲಿ ಕಾಕಾ ಜ್ವರ ಬಂದು ತೀರಿಕೊಂಡ. ಆ ಮಳೆ ಮುಗಿದ ಮೇಲೆ ಮುದುಕಿಯ ಕೆಳಗಿನ ಎಡರೆಕ್ಕೆಗೆ ಹೊಸ ಬಟ್ಟೆ ಹಾಕುವ ಕೆಲಸ ಬಂತು. ನಾನೊಬ್ಬನೇ ಮೊದಲಿನಿಂದ ಕೊನೆಯವರೆಗೆ ಮಾಡಿದ ಮೊದಲ ರೆಕ್ಕೆ ಅದು. ಕಾಕಾನದಕ್ಕಿಂತ ಚೆನ್ನಾಗಿ ಆಗಬೇಕು, ನನ್ನ ಬೊಟ್ಟು ಉದುರಲೇಬಾರದು ಎಂದು ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ. ಒಂದಲ್ಲ, ರೆಕ್ಕೆಯ ಬುಡದಲ್ಲಿ ಮೂರು ಬೊಟ್ಟು ಇಟ್ಟೆ. ನಮ್ಮ ಕೆಲಸದ ಮೇಲಿನ ಸಾಹೇಬರು ಬಂದು ಹೊಲಿಗೆ ನೋಡಿ, ಒಂದು ಗಂಟನ್ನು ಉಗುರಿನಿಂದ ಮೀಟಿ, ತಲೆಯಾಡಿಸಿ ಹೋದರು. ಆ ತಲೆಯಾಟವನ್ನು ನಾನು ಎಷ್ಟು ದಿನ ಎದೆಯಲ್ಲಿಟ್ಟುಕೊಂಡು ತಿರುಗಿದೆನೋ.

ಯುದ್ಧ ಮುಗಿಯಿತು. ತೋಪಿನವರು ಊರಿಗೆ ಹೋದರು. ಚೀಲ ಎಳೆಯುವವಳು ಯಾರಿಗೂ ಬೇಡವಾದಳು. ಶೆಡ್ಡಿನೊಳಗೆ ತಗಡಿನ ಮೈಯ ಹೊಸ ವಿಮಾನಗಳು ಬಂದು ಕುಳಿತವು. ಅವಕ್ಕೆ ಸೂಜಿಯ ಹಂಗಿಲ್ಲ. ಮುದುಕಿಯನ್ನು ಹೊರಗೆ ಬೇವಿನ ಮರದ ಕಡೆ ನಿಲ್ಲಿಸಿದರು. ಒಂದು ಪೂರ್ತಿ ಮಳೆಗಾಲ ಅವಳು ಅಲ್ಲೇ ನಿಂತಳು. ಹಿಂದಿನ ಕುರ್ಚಿಯಲ್ಲಿ ಗೊರವಂಕ ಗೂಡು ಕಟ್ಟಿತು. ಊಟದ ಬಿಡುವಿನಲ್ಲಿ ಅವಳ ರೆಕ್ಕೆಯ ನೆರಳಿನಲ್ಲಿ ಮಲಗಿ ಕಣ್ಣು ಮುಚ್ಚಿದರೆ, ಒಳಗಿನ ಕಟ್ಟಿಗೆ ಬಿಸಿಲಿಗೆ ಚಿಟ್ ಚಿಟ್ ಎನ್ನುವುದು ಕೇಳುತ್ತಿತ್ತು. ಗಡಿಯ ಹಿಮದ ಗುಡ್ಡ, ಮುಂಬಯಿಯ ಸಮುದ್ರ, ನಾನು ಎರಡನ್ನೂ ಕಂಡವನಲ್ಲ. ಆದರೂ ಆ ನೆರಳಿನಲ್ಲಿ ಬೀಳುತ್ತಿದ್ದ ಕನಸುಗಳಲ್ಲಿ ಕೆಳಗೆ ಎಲ್ಲೋ ನೀರು ಹೊಳೆಯುತ್ತಿರುತ್ತಿತ್ತು.

ಒಂದು ಮಧ್ಯಾಹ್ನ ಹಾಗೆ ಮಲಗಿದ್ದಾಗ ಯಾರೋ ಬೂಟಿನ ತುದಿಯಿಂದ ನನ್ನ ಚಪ್ಪಲಿಯನ್ನು ತಟ್ಟಿದರು. ಕಣ್ಣು ಬಿಟ್ಟರೆ ಧಾರವಾಡದ ಪೈಲಟ್. ವಕೀಲರ ಮಗ, ಕಾಲೇಜು ಓದಿದವನು, ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ ಹುಡುಗ. ವರ್ಷದ ಹಿಂದೆ, ಸಿಕ್ಕುಬಿದ್ದ ನೂಲಿಗೆ ನಾನು ಕನ್ನಡದಲ್ಲಿ ಬೈಯುತ್ತಿದ್ದುದನ್ನು ಕೇಳಿಸಿಕೊಂಡು ಪರಿಚಯ ಮಾಡಿಕೊಂಡಿದ್ದ. "ಪುಣೆದ ನೂಲಿಗೆ ಕನ್ನಡ ತಿಳಿತದೇನ್ರಿ ಮಾಸ್ತರ?" ಎಂದಿದ್ದ. "ಮರಾಠಿಯೊಳಗೂ ಬೈದು ನೋಡೀನ್ರಿ. ಕನ್ನಡಕ್ಕ ಅಂಜತದ" ಎಂದಿದ್ದೆ.

ಈಗ ನಗುತ್ತ ಹೇಳಿದ: "ಏಳ್ರಿ ಮಾಸ್ತರ. ಮುದುಕಿ ಸಾಲಿಗೆ ಹೊಂಟಾಳ."

"ಈ ವಯಸ್ಸಿನಾಗ ಏನ್ ಕಲಿತಾಳ್ರಿ?"

"ಕಲಿಯಾಕಲ್ಲ, ಕಲಸಾಕ. ಉತ್ತರದ ಕಡೆ ಒಂದು ಸಾಲಿ ಅದ, ಹುಡುಗೂರಿಗೆ ವಿಮಾನದ ಕೆಲಸ ಕಲಸ್ತಾರ. ಇಕೀನ್ನ ಅಲ್ಲಿ ಇಟ್ಕೋತಾರಂತ. ನಾನೇ ಹಾರಿಸ್ಕೊಂಡು ಹೋಗಾಂವ."

"ರೈಲಿನಾಗ ಕಳಸೂದಿಲ್ಲೇನು?"

"ಇಕೀ ಸಲುವಾಗಿ ಡಬ್ಬಿ ಯಾರ್ ಕೊಡ್ತಾರ್ರಿ? ಹಾರಿದ್ರ ಸಾಲಿ. ಇಲ್ಲಂದ್ರ ಇಲ್ಲೇ ಮುರಿದು ಒಲಿಗೆ. ಎಂಜಿನ್ ಗಟ್ಟಿ ಅದ, ನೋಡ್ಯಾರ. ಬಟ್ಟಿ ನೀವು ನೋಡಿ ಸಹಿ ಮಾಡಬೇಕು, ಅಷ್ಟ."

ಅಷ್ಟೇ. ನನ್ನ ಒಂದು ಸಹಿ. ಶಾಲೆ ಬಿಟ್ಟು ಬಂದವನು ನಾನು, ನನ್ನ ಹೊಲಿಗೆ ಶಾಲೆಗೆ ಹೋಗುತ್ತದೆ. ಹುಡುಗರು ಬೆಂಚಿನ ಮೇಲೆ ಕುಳಿತು ನನ್ನ ಗಂಟುಗಳನ್ನು ಎಣಿಸಿ, ಹೀಗೆ ಹಾಕಬೇಕು ಎಂದು ಬರೆದುಕೊಳ್ಳುತ್ತಾರೆ. ಆ ದಿನ ಮನೆಗೆ ಹೋಗುವಾಗ ಸೈಕಲ್ಲು ನೆಲಕ್ಕೆ ತಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಬಟ್ಟೆ ನೋಡಲು ಕುಳಿತೆ. ಬಲರೆಕ್ಕೆಗಳೆರಡೂ ಚೆನ್ನಾಗಿದ್ದವು. ಮೇಲಿನ ಎಡರೆಕ್ಕೆಯೂ ಚೆನ್ನಾಗಿತ್ತು. ಬಡಿದಲ್ಲೆಲ್ಲ ಠಣ್, ಠಣ್. ಕೆಳಗಿನ ಎಡರೆಕ್ಕೆಯನ್ನು, ನನ್ನದನ್ನು, ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ತುದಿಯಿಂದ ಬಡಿಯುತ್ತ ಬಂದೆ. ಮೈಯ ಹತ್ತಿರ, ಬುಡದಲ್ಲಿ, ಬೆರಳು ಬಡಿದರೆ ಸದ್ದು ಬರಲಿಲ್ಲ. ಒದ್ದೆ ಚಾಪೆಯನ್ನು ಬಡಿದ ಹಾಗೆ ಥಪ್ ಎಂದಿತು.

ಉಗುರಿನಿಂದ ಕೆರೆದೆ. ಬೆಳ್ಳಿ ಬಣ್ಣದ ಪದರ ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಬಟ್ಟೆ ಕಪ್ಪಾಗಿತ್ತು. ಹೆಬ್ಬೆರಳು ಒತ್ತಿದರೆ ಒಳಗೆ ಹೋಯಿತು. ಒತ್ತಿದ ಕಡೆ ಒಂದು ಕೆಂಪು ಕಲೆ. ಎಣ್ಣೆ ಹತ್ತಿದ ಬಟ್ಟೆಗೆ ಬಣ್ಣ ಹಿಡಿಯುವುದಿಲ್ಲ ಎಂದು ಸಿಂಪಿಗರ ಮನೆಯ ಕೂಸಿಗೂ ಗೊತ್ತು. ಡೋಪ್ ಅಲ್ಲಿ ಒಳಗೆ ಇಳಿದೇ ಇರಲಿಲ್ಲ, ಮೇಲೆ ಕೆನೆಯ ಹಾಗೆ ಕುಳಿತಿತ್ತು. ನಾಲ್ಕು ಬಿಸಿಲುಗಾಲದಲ್ಲಿ ಎಣ್ಣೆ ಹರಡಿತ್ತು, ಹೊರಗೆ ನಿಂತ ಮಳೆಗಾಲದಲ್ಲಿ ನೀರು ಇಳಿದಿತ್ತು. ಮೂರು ಬೊಟ್ಟುಗಳೂ ಕೂಡಿ ಒಂದು ಮೊಳದಷ್ಟು ಬಟ್ಟೆ ಕೊಳೆತಿತ್ತು. ಪಕ್ಕೆಲುಬಿನ ಗಂಟುಗಳು ಕೂಡ ಬೆರಳಿಗೆ ಮೆತ್ತಗಾದವು.

ಸುತ್ತ ನೋಡಿದೆ. ಯಾರೂ ಇರಲಿಲ್ಲ. ಎದ್ದ ಪದರವನ್ನು ಮತ್ತೆ ಒತ್ತಿ, ಅದರ ಮೇಲೆ ಒಂದು ಕೈ ಬಣ್ಣ ಬಳಿದರೆ ಮುಗಿಯಿತು. ಸಾಹೇಬರು ಬಟ್ಟೆಯನ್ನು ನೋಡುವುದಿಲ್ಲ, ನನ್ನ ಸಹಿಯನ್ನು ನೋಡುತ್ತಾರೆ. ನಾನು ಅವರಿಂದ ಅಷ್ಟು ನಂಬಿಕೆ ಗಳಿಸಿದ್ದೆ. ನಿಜ ಹೇಳಬೇಕೆಂದರೆ, ಡಬ್ಬಿಯ ಮುಚ್ಚಳ ತೆಗೆದು ಕುಂಚ ಅದ್ದಿಯೂ ಬಿಟ್ಟೆ. ಬಾಳೆಹಣ್ಣಿನ ವಾಸನೆ ಬಂತು. ಕುಂಚ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಅದರ ಕೂದಲು ಒಣಗಿ ಬಿರುಸಾಯಿತು. ಆ ದಿನ ಬಳಿಯಲೂ ಇಲ್ಲ, ಹೇಳಲೂ ಇಲ್ಲ. ಅದರ ಮೇಲೆ ಕಿತ್ತಾನಿನ ಹೊದಿಕೆ ಎಳೆದು ಮನೆಗೆ ಬಂದೆ.

ಸಂಜೆ ರೊಟ್ಟಿ ಮುಂದಿಟ್ಟುಕೊಂಡು ಸುಮ್ಮನೆ ಕುಳಿತಿದ್ದನ್ನು ನೋಡಿ ಹೆಂಡತಿ ಕೇಳಿದಳು: "ಯಾಕ, ನಿಮ್ಮ ಮುದುಕಿಗೆ ಮೈಯಾಗ ಆರಾಮಿಲ್ಲೇನು?"

ಅವಳಿಗೆ ಮುದುಕಿ ಸವತಿ ಇದ್ದ ಹಾಗೆ. "ವಿಮಾನಕ್ಕ ಅಂಗಿ ಹೊಲಿತೀರಿ, ನನಗೊಂದು ಕುಬಸ ಹೊಲ್ಯಾಕ ಆರು ತಿಂಗಳಾತು" ಎಂದು ಚಾಳಿನವರ ಮುಂದೆಲ್ಲ ಹೇಳುತ್ತಿದ್ದಳು. ನಾನು ಎಲ್ಲ ಹೇಳಿದೆ. ಎಣ್ಣೆಯ ಮಾತು ಬಂದಾಗ ಅವಳು ಹಣೆ ಚಚ್ಚಿಕೊಂಡಳು.

"ಎಣ್ಣಿ ಯಾರ್ ಹಾಕಂದ್ರು ನಿಮಗ? ದೇವರಿಗೆ ಉದುರಿದ ಕುಂಕುಮ ಸಾಲೂದಿಲ್ಲೇನು?"

"ಆಗಿ ಹೋತಲ್ಲ. ಈಗೇನು ಮಾಡ್ಲಿ ಹೇಳು. ಹೇಳಿದ್ರ ಮುದುಕೀನ್ನ ಮುರಿತಾರ. ಕಾಕಾನ ಕೈಯಾಗ ಕಲಿತಾಂವ ಬಟ್ಟಿ ಕೆಡಿಸಿದಾ ಅಂತಾರ."

"ಹಾರಿಸೋ ಹುಡುಗ ಯಾವೂರಾಂವ?"

"ಧಾರವಾಡದಾಂವ."

"ಹಂಗಾರ ನಾಳೆ ಹೋಗಿ ಹೇಳ್ರಿ."

ಒಲೆಯ ಕಡೆ ತಿರುಗಿಕೊಂಡೇ ಇನ್ನೊಂದು ಮಾತು ಕೇಳಿದಳು: "ಬ್ಯಾರೆ ಊರಾವಾಗಿದ್ರ ಸುಮ್ಮ ಇರ್ತಿದ್ರೇನು?"

ನಾನು ರೊಟ್ಟಿ ಮುರಿದೆ. ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಸಾಹೇಬರನ್ನು ಕರೆದುಕೊಂಡು ಹೋಗಿ ಹೊದಿಕೆ ಸರಿಸಿದೆ. ಆಂಗ್ಲ ಸಾಹೇಬರು, ಮುರುಕು ಹಿಂದೂಸ್ತಾನಿಯಲ್ಲಿ ಮಾತನಾಡುತ್ತಿದ್ದರು. ಬಗ್ಗಿ ನೋಡಿ, ಬೆರಳು ಒತ್ತಿ, ಎದ್ದು ನಿಂತರು. ಎರಡು ದಿನ ಮತ್ತು ನಾಲ್ಕು ಗಜ ಬಟ್ಟೆ ಕೊಟ್ಟರೆ ಸರಿ ಮಾಡುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. ದಾಸ್ತಾನಿನಿಂದ ಇವಳಿಗೆ ಒಂದು ಮೊಳೆಯನ್ನೂ ಕೊಡಬಾರದೆಂದು ಮೇಲಿನಿಂದ ಬಂದಿತ್ತು. ನಾನು ಇನ್ನೊಮ್ಮೆ ಕೇಳಿದೆ. ಮೂರನೆಯ ಸಲ ಕೇಳಲು ಬಾಯಿ ತೆರೆದಾಗ ಅವರು ಭುಜದ ಮೇಲೆ ಕೈ ಇಟ್ಟರು.

"ಮಳೆಯಿಂದ ಆದದ್ದು. ಮಳೆ ಎಂದು ಬರೆ" ಎಂದು ದಫ್ತರವನ್ನು ಮುಂದೆ ಹಿಡಿದರು.

ಅದು ಅವರ ದೊಡ್ಡತನ. ಆದರೆ ಮಳೆಯ ಮೇಲೆ ಹಾಕಲು ನನ್ನ ಜಂಬ ಒಪ್ಪಲಿಲ್ಲ. ಸರಿಯಾಗಿ ಹೊಲಿದು ಬಣ್ಣ ಬಳಿದ ಬಟ್ಟೆಯನ್ನು ಮಳೆ ಕೆಡಿಸುವುದಿಲ್ಲ. ಹಾಗೆ ಬರೆದರೆ ಕಾಕಾ ಕಲಿಸಿದ ಕೆಲಸವೇ ಸುಳ್ಳಾಗುತ್ತದೆ. ಅಲ್ಲಿಯವರೆಗೆ ಆ ದಫ್ತರದಲ್ಲಿ ನಾನು ಬರೆದದ್ದು ಬರೀ ಹೆಸರು. ಆ ದಿನ ಸಾಹೇಬರು ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳಿದರು, ನಾನು ಒಂದೊಂದೇ ಬರೆದೆ: ಬಟ್ಟೆಯ ಕೆಳಗೆ ಎಣ್ಣೆ, ನನ್ನ ಕೈಯಿಂದ. ಎರಡು ಸಾಲು ಆಯಿತು. ಸಾಹೇಬರು ಓದಿ, ಮಡಚಿಕೊಂಡು ಹೋದರು.

ಮುದುಕಿಯನ್ನು ಮುರಿಯುವ ಜಾಗ ಬಯಲಿನ ಆಚೆ ತುದಿಯ ಕಲ್ಲುಗಣಿಯ ಹತ್ತಿರ. ಅದೇ ಮಧ್ಯಾಹ್ನ ಹತ್ತು ಜನ ಅವಳನ್ನು ಅಲ್ಲಿಗೆ ತಳ್ಳಿಕೊಂಡು ಹೋಗಬೇಕಾಗಿತ್ತು. ಪೈಲಟ್ ಹೋಗಿ ಸಾಹೇಬರಿಗೆ ಅದೇನು ಹೇಳಿದನೋ, ತೊಟ್ಟಿಯಲ್ಲಿ ಉಳಿದ ಪೆಟ್ರೋಲಿನಿಂದ, ನೆಲದ ಮೇಲೆಯೇ, ಅವಳ ಕಾಲಿನಿಂದಲೇ ಹೋಗಲಿ ಎಂದು ಒಪ್ಪಿಸಿ ಬಂದ. ನಾನು ಗೊರವಂಕದ ಹಳೆಯ ಗೂಡನ್ನು ತೆಗೆದು ಬೇವಿನ ಕೊಂಬೆಗೆ ಇಡುತ್ತಿದ್ದೆ.

"ಹಿಂದಿನ ಕುರ್ಚಿ ಯಾಕ ಖಾಲಿ ಮಾಡಾಕತ್ತೇನಿ ಅಂದ್ಕೊಂಡ್ರಿ? ಹತ್ರಿ ಮಾಸ್ತರ, ಹಿಂದ ಕೂಡ್ರಿ" ಎಂದ, ಗೂಡು ತೆಗೆದದ್ದು ತಾನೇ ಎನ್ನುವ ಹಾಗೆ.

"ನನಗ ಭಾಳ ಕೆಲಸ ಅದಾವ್ರಿ."

"ಅಂಜಿಕಿ ಬಂತೇನು?"

"ನಿಮ್ಮ ಅಪ್ಪಗ ಅಂಜಿಕಿ" ಎಂದು ಹತ್ತಿದೆ. ಏಳು ವರ್ಷ ಕೆಲಸ ಮಾಡಿ ಅದುವರೆಗೆ ಒಂದು ವಿಮಾನದಲ್ಲೂ ಕುಳಿತವನಲ್ಲ ನಾನು.

ಎಂಜಿನ್ ಶುರುವಾದಾಗ ಮೈಯೆಲ್ಲ ನಡುಗಿತು, ಅವಳದೂ ನನ್ನದೂ. ಬೇವಿನ ಮರ ನಿಧಾನವಾಗಿ ಹಿಂದೆ ಸರಿಯಿತು. ಅವಳು ಡಬಡಬ ಎಂದು ಹುಲ್ಲಿನ ಮೇಲೆ ಕುಣಿಯುತ್ತ ಹೋಗಿ ಬಯಲಿನ ಉದ್ದದ ದಾರಿಗೆ ಬಂದಳು. ಅಲ್ಲಿ ಪೈಲಟ್ ಒಮ್ಮೆ ಹಿಂದೆ ತಿರುಗಿ ನೋಡಿದ. ಆಮೇಲೆ ಎಂಜಿನ್ನಿನ ಸದ್ದು ಏರಿತು. ನಾನು ಕುಳಿತ ಜಾಗ ಮೆಲ್ಲಗೆ ಮೇಲೆದ್ದಿತು. ಬಾಲ ಎದ್ದಿತ್ತು. ಕುಣಿತ ನಿಂತಿತು. ಡಬಡಬ ನಿಂತಿತು. ಕಲ್ಲು, ಹುಲ್ಲು, ದೂರದ ಜೋಳ, ತಲೆಯ ಮೇಲೆ ಬುತ್ತಿ ಹೊತ್ತು ನಡೆಯುತ್ತಿದ್ದ ಒಬ್ಬ ಹೆಂಗಸು, ಎಲ್ಲ ನೀರಿನಲ್ಲಿ ಹರಿಯುವ ಹಾಗೆ ಎರಡೂ ಕಡೆ ಹರಿದು ಹೋದವು. ಗಾಲಿ ನೆಲ ಬಿಟ್ಟಿತ್ತೋ ಇಲ್ಲವೋ, ನಾನು ಆಮೇಲೆ ಎಂದೂ ಅವನನ್ನು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದ. ನನ್ನ ಮೈಗೆ ಮಾತ್ರ ಭಾರ ಇರಲಿಲ್ಲ. ಹತ್ತು ಎಣಿಸುವಷ್ಟು ಹೊತ್ತು ಭಾರ ಇರಲಿಲ್ಲ.

ಆಗ ಎಡಗಡೆ ನೋಡಿದೆ. ನನ್ನ ರೆಕ್ಕೆಯ ಬುಡದಲ್ಲಿ ಬಟ್ಟೆ ಉಬ್ಬುತ್ತಿತ್ತು, ಕೆಂಡದ ಮೇಲೆ ರೊಟ್ಟಿ ಉಬ್ಬುವ ಹಾಗೆ, ನುಣ್ಣಗೆ, ಚಂದವಾಗಿ. ಇನ್ನೂ ಉಬ್ಬಿತು. ಒಂದು ಗಂಟು ಬಿಚ್ಚಿತು, ಅದರ ಹಿಂದೆ ಇನ್ನೊಂದು. ಫಟ್ ಎಂದು ಒಡೆದು, ಹರಕು ಬಟ್ಟೆ ರೆಕ್ಕೆಯ ಮೇಲೆ ಪಟಪಟ ಹೊಡೆದುಕೊಳ್ಳತೊಡಗಿತು. ಹರಕು ಒಂದು ಮೊಳಕ್ಕೆ ನಿಲ್ಲಲಿಲ್ಲ. ನಾನು ನೋಡುತ್ತಿದ್ದಂತೆ ಎರಡು, ಮೂರು ಪಕ್ಕೆಲುಬು ದಾಟಿ ಓಡಿತು. ರೆಕ್ಕೆ ಎಡಕ್ಕೆ ವಾಲಿತು. ನಾನು ಕೂಗಿದೆನೋ ಏನೋ. ಪೈಲಟ್ ಎಂಜಿನ್ನಿನ ವೇಗ ಇಳಿಸಿದ. ಬಾಲ ಕುಕ್ಕರಿಸಿತು, ಮತ್ತೆ ಡಬಡಬ.

ಗಣಿಯ ಹತ್ತಿರ ನಿಂತ ಮೇಲೆ ಇಬ್ಬರೂ ಇಳಿದು ರೆಕ್ಕೆಯ ಪಕ್ಕ ನಿಂತೆವು. ಅವನು ಟೊಪ್ಪಿಗೆ ತೆಗೆದು ಹರಕನ್ನು ನೋಡಿದ.

"ನಿನ್ನೆ ಸಹಿ ಮಾಡಿದ್ರ ನಾ ಈಗ ಎಲ್ಲಿರ್ತಿದ್ದೆ ಮಾಸ್ತರ?"

"ಉತ್ತರದ ದಾರಿಯಾಗ, ಎಲ್ಲಾರ ಜ್ವಾಳದ ಹೊಲದಾಗ."

ಅವನು ನಕ್ಕ. ನಗು ಅರ್ಧಕ್ಕೆ ನಿಂತಿತು. ಜೇಬಿನಿಂದ ಸಿಗರೇಟು ತೆಗೆದು ಹಚ್ಚಿದ. "ನಮ್ಮವ್ವಗ ಹೇಳಬ್ಯಾಡ್ರಿ," ಎಂದ, ಅವರ ತಾಯಿಯನ್ನು ನಾನು ದಿನಾ ಭೇಟಿಯಾಗುತ್ತೇನೆ ಎನ್ನುವ ಹಾಗೆ. ಆಮೇಲೆ ಇಬ್ಬರೂ ಬಯಲು ದಾಟಿ ನಡೆದುಕೊಂಡು ಬಂದೆವು. ದಾರಿಯಲ್ಲಿ ಅವನು ಒಮ್ಮೆ ನನ್ನ ತೋಳು ಹಿಡಿದ, ಎಡವಿದವನ ಹಾಗೆ. ಅಲ್ಲಿ ಎಡವಲು ಏನೂ ಇರಲಿಲ್ಲ.

ಬಟ್ಟೆಯನ್ನು ಚಾಕುವಿನಿಂದ ಸೀಳಿ ಕಿತ್ತುಬಿಡಿ ಎಂದು ಮುರಿಯುವವರಿಗೆ ಹೇಳಿದ್ದರು. ನಾನು ಸಾಹೇಬರನ್ನು ಕೇಳಿ ಆ ಕೆಲಸ ತೆಗೆದುಕೊಂಡೆ. ಹೊಲಿದ ಕ್ರಮಕ್ಕೆ ಉಲ್ಟಾ, ಕೊನೆಯ ಗಂಟಿನಿಂದ ಮೊದಲಿನ ಗಂಟಿನವರೆಗೆ, ಒಂದೊಂದಾಗಿ ಬಿಚ್ಚಿದೆ. ನಾಲ್ಕು ದಿನ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಸುರುಳಿ ಸುತ್ತಿದ ಬಟ್ಟೆಯನ್ನು ದಾಸ್ತಾನಿಗೆ ಕೊಡಲು ಹೋದರೆ ಅವರು ನಕ್ಕರು, ಯಾರಿಗೆ ಬೇಕು ಎಂದರು.

ನಾಲ್ಕನೆಯ ದಿನ ಮಧ್ಯಾಹ್ನ ಗಾಳಿ ಎದ್ದಿತು. ಗಣಿಯ ಕೆಂಪು ಧೂಳು ಎದ್ದು ಅವಳ ಕಡೆ ಬಂತು. ಬಟ್ಟೆ ಇದ್ದಾಗ ಅಷ್ಟು ಗಾಳಿಗೆ ಅವಳು ಕಟ್ಟಿದ ಹಗ್ಗವನ್ನು ಜಗ್ಗುತ್ತಿದ್ದಳು. ನಾಲ್ಕು ಜನ ಹಿಡಿಯಬೇಕಾಗುತ್ತಿತ್ತು. ನಾನು ಅಭ್ಯಾಸದಿಂದ ಓಡಿ ಹೋಗಿ ರೆಕ್ಕೆಯ ತುದಿ ಹಿಡಿದೆ. ಗಾಳಿ ಕಟ್ಟಿಗೆಯ ಸಂದುಗಳಲ್ಲಿ ತೂರಿ ಆಚೆ ಹೋಯಿತು. ಅವಳು ಅಲುಗಲಿಲ್ಲ.